ಫ್ರೆಂಚ್ ಕ್ರಿಯಾಪದಗಳ ಉಪಸರ್ಗ: ಬಾಯಲ್ಲಿ ಎಲ್ಲಿ ಒಡೆಯಬೇಕು, ‘ಎಸ್’ ಯಾವಾಗ ‘ಜ಼’ ಆಗುತ್ತದೆ?

ಪದಬೇಟೆ

ಉಪಸರ್ಗ ಸೇರಿದ ಫ್ರೆಂಚ್ ಕ್ರಿಯಾಪದಗಳನ್ನು ಗಟ್ಟಿಯಾಗಿ ಓದುವಾಗ ಮೂರು ಅನುಮಾನ ಬಗೆಹರಿಯುತ್ತಿಲ್ಲ. ತಿಳಿದವರು ಬಿಡಿಸಿ ಹೇಳಬೇಕು.

ಮೊದಲನೆಯದು, ‘ಮಾತು ಮೀರು’ ಎನ್ನುವ ಪದ. ಉಪಸರ್ಗ ಡಿ-ಇ-ಎಸ್ (ಅಕ್ಷರಗಳನ್ನು ಇಂಗ್ಲಿಷ್ ಹೆಸರಿನಿಂದ ಹೇಳುತ್ತಿದ್ದೇನೆ), ಧಾತು ‘ಒಬೇಇರ್’ (ವಿಧೇಯನಾಗಿರು). ಇದನ್ನು ದೇಜ಼್-ಒ-ಬೇ-ಇರ್ ಎಂದು ಒಡೆಯಬೇಕೋ, ದೇ-ಜ಼ೊ-ಬೇ-ಇರ್ ಎಂದೋ?

ಎರಡನೆಯದು, ‘ಹೋಲು’ ಎನ್ನುವ ಪದ. ಬರಹದಲ್ಲಿ ಆರ್-ಇ-ಎಸ್-ಎಸ್ ಎಂದು ಶುರುವಾಗುತ್ತದೆ. ಇ ಮುಂದೆ ಜೋಡಿ ವ್ಯಂಜನ ಬಂದರೆ ‘ಎ’ ಎಂದು ಓದಬೇಕು ಅನ್ನುವುದು ಪಾಠದ ನಿಯಮ. ಆದರೆ ಫ್ರೆಂಚರು ರ-ಸಾಁಬ್ಲೇ ಅನ್ನುತ್ತಾರೆ, ರೆ-ಸಾಁಬ್ಲೇ ಅನ್ನುವುದಿಲ್ಲ. ಯಾಕೆ?

ಮೂರನೆಯದು, ‘ಒಗ್ಗಟ್ಟಿನಿಂದ ಹೊರಬರು’ ಎನ್ನುವ ದೇ-ಸೊ-ಲಿ-ದಾ-ರಿ-ಜ಼ೇ. ಎರಡು ಸ್ವರಗಳ ನಡುವೆ ಇರುವುದು ಒಂದೇ ಎಸ್, ಅದು ಜ಼ ಆಗಬೇಕಿತ್ತು. ಆದರೆ ‘ಸ’ ಆಗಿಯೇ ಉಳಿದಿದೆ.

ಎಲ್ಲರೂ ಒಂದೇ ರೀತಿ ಬರೆದರೆ ಅನುಕೂಲ. ಗೀಟು ಹಾಕಿದ ಇ-ಗೆ (ಬಲಕ್ಕೆ ಏರುವ ಗೀಟು) ‘ಏ’ ಬಳಸೋಣ, ಆದರೆ ಎಳೆಯುವುದು ಬೇಡ. ತೆರೆದ ಉಚ್ಚಾರಕ್ಕೆ ‘ಎ’. ಅರ್ಧ ನುಂಗುವ ಇ-ಗೆ ‘ಅ’ (ರ, ದ). ಫ್ರೆಂಚಿನ ಮೊದಲ ಅಕ್ಷರ ಎ-ಗೆ ‘ಆ’. ಮೂಗಿನ ಸ್ವರಕ್ಕೆ ‘ಁ’. ತುಟಿ ಚೂಪು ಮಾಡಿ ಹೇಳುವ ಯು ಅಕ್ಷರಕ್ಕೆ ‘ಯು’. ಎಸ್ ಘೋಷವಾದಾಗ (ಗಂಟಲು ಮಿಡಿದಾಗ) ‘ಜ಼’.

ಸಂಧಿವಿಚಾರ

ಮೊದಲನೆಯದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ನಿರ್ + ಆಶೆ ಸೇರಿದರೆ ನಾವು ನಿರ್-ಆ-ಶೆ ಅನ್ನುತ್ತೇವೆಯೇ? ನಿ-ರಾ-ಶೆ ಅನ್ನುತ್ತೇವೆ. ದುರ್ + ಉಪಯೋಗ, ದು-ರು-ಪ-ಯೋ-ಗ. ಉಪಸರ್ಗದ ಕೊನೆಯ ವ್ಯಂಜನ ಮುಂದಿನ ಸ್ವರದ ಹೆಗಲೇರುತ್ತದೆ. ಅರ್ಥದ ಗಡಿ ಒಂದು ಕಡೆ, ಉಚ್ಚಾರದ ಗಡಿ ಇನ್ನೊಂದು ಕಡೆ. ಫ್ರೆಂಚಿನಲ್ಲೂ ಹೀಗೆಯೇ. ದೇ-ಜ಼ೊ-ಬೇ-ಇರ್, ನಾಲ್ಕು ಉಚ್ಚಾರಾಂಶ. ‘ದೇಜ಼್’ ಎಂದು ನಿಲ್ಲಿಸಿ ‘ಒ’ ಎಂದು ಮತ್ತೆ ಶುರು ಮಾಡಿದರೆ ಕೇಳುವವರಿಗೆ ಎರಡು ಪದ ಕೇಳಿಸುತ್ತದೆ.

ಎಸ್ ಜ಼ ಆಗುವುದಕ್ಕೂ ನಮ್ಮಲ್ಲಿ ಹೋಲಿಕೆ ಇದೆ. ಸತ್ + ಆಚಾರ ‘ಸದಾಚಾರ’ ಆಗುವಲ್ಲಿ ತಕಾರ ಸ್ವರದ ಮುಂದೆ ಘೋಷವಾಗಿ ದಕಾರ ಆಯಿತು. ಜಶ್ತ್ವ ಸಂಧಿ ಎಂದು ಶಾಲೆಯಲ್ಲಿ ಕಲಿತದ್ದು. ಅಲ್ಲಿ ತ್ ಮೆತ್ತಗಾಗಿ ದ್ ಆದರೆ, ಇಲ್ಲಿ ಸ್ ಮೆತ್ತಗಾಗಿ ಜ಼್ ಆಗುತ್ತದೆ. ದೇ-ಜ಼ಾಕ್-ತಿ-ವೇ (ನಿಷ್ಕ್ರಿಯಗೊಳಿಸು), ದೇ-ಜ಼್ಯು-ನಿರ್ (ಬೇರ್ಪಡಿಸು), ದೇ-ಜ಼ಾ-ಬಿ-ಯೇ (ಬಟ್ಟೆ ಬಿಚ್ಚು). ಕೊನೆಯದರಲ್ಲಿ ಬರಹದಲ್ಲಿ ಎಸ್ ಆದಮೇಲೆ ಎಚ್ ಇದೆ. ಆ ಎಚ್ ಮೂಕ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ‘ದೇಶಾ’ ಎಂದು ಓದುವವರು ಎಸ್-ಎಚ್ ಜೋಡಿಯನ್ನು ಇಂಗ್ಲಿಷಿನಂತೆ ನೋಡುತ್ತಿದ್ದಾರೆ.

ಒಡೆಯುವ ಮೂಲ ಸೂತ್ರ ಸರಳ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಹೋಗುತ್ತದೆ. ಎರಡಿದ್ದು ಎರಡನೆಯದು ಎಲ್ ಅಥವಾ ಆರ್ ಆಗಿದ್ದರೆ ಎರಡೂ ಒಟ್ಟಿಗೆ ಮುಂದಕ್ಕೆ: ದೇ-ಪ್ಲಾ-ಸೇ (ಜಾಗ ಬದಲಿಸು), ರ-ಪ್ರಾಁದ್ರ್ (ಮತ್ತೆ ತೆಗೆದುಕೊ). ಬೇರೆ ಜೋಡಿಯಾದರೆ ಸಾಮಾನ್ಯವಾಗಿ ನಡುವೆ ಒಡೆಯುತ್ತದೆ: ದೇ-ಜ಼ೆಸ್-ಪೇ-ರೇ (ನಿರಾಶನಾಗು).

ಇಲ್ಲಿ ನಮ್ಮ ಲಿಪಿ ಒಂದು ತೊಡಕು ತರುತ್ತದೆ. ‘ಎಸ್ಪೇ’ ಎಂದು ಒತ್ತಕ್ಷರ ಕೊಟ್ಟು ಬರೆದರೆ ಕಣ್ಣಿಗೆ ಎ-ಸ್ಪೇ ಎಂದು ಕಾಣುತ್ತದೆ. ಲಿಪಿ ಬಿಟ್ಟು ಛಂದಸ್ಸಿನ ಕಿವಿಯಿಂದ ಕೇಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಯಾಕೆಂದರೆ ಅರ್ಧ ವ್ಯಂಜನ ಹಿಂದಿನದಕ್ಕೆ ಸೇರಿಕೊಳ್ಳುತ್ತದೆ. ಆ ಕಿವಿ ಫ್ರೆಂಚಿಗೂ ಸರಿಹೊಂದುತ್ತದೆ.

ತುಂಗಾತೀರ

ಮೂರನೆಯ ಪ್ರಶ್ನೆ ನನಗೆ ಬಿಡಿ, ಇಲ್ಲೇ ಹೆಚ್ಚು ಜನ ಸೋಲುವುದು.

ಎಸ್ ಯಾರದು ಎಂದು ಕೇಳಿಕೊಳ್ಳಿ. ಉಪಸರ್ಗದ್ದೋ, ಧಾತುವಿನದೋ? ‘ಒಬೇಇರ್’ ಸ್ವರದಿಂದ ಶುರುವಾಗುವ ಪದ, ಹಾಗಾಗಿ ಎಸ್ ಉಪಸರ್ಗದ್ದು. ಅದು ಜ಼ ಆಗುತ್ತದೆ. ‘ಸೊಲಿದಾರಿಜ಼ೇ’ ತಾನೇ ಎಸ್‌ನಿಂದ ಶುರುವಾಗುವ ಕ್ರಿಯಾಪದ. ಅದಕ್ಕೆ ಅಂಟಿದ್ದು ಬರೀ ‘ದೇ’. ಧಾತುವಿನ ಎಸ್ ತನ್ನ ‘ಸ’ ಧ್ವನಿಯನ್ನು ಬಿಟ್ಟುಕೊಡುವುದಿಲ್ಲ.

ಇದೇ ಗುಂಪಿನವು ಇನ್ನೂ ಇವೆ. ದೇ-ಸೆಁ-ಕ್ರೊ-ನಿ-ಜ಼ೇ (ತಾಳ ತಪ್ಪಿಸು), ದೇ-ಸಾ-ಕ್ರಾ-ಲಿ-ಜ಼ೇ (ಪಾವಿತ್ರ್ಯ ತೆಗೆ), ದೇ-ಸಾಁ-ಸಿ-ಬಿ-ಲಿ-ಜ಼ೇ (ಸೂಕ್ಷ್ಮತೆ ಕಡಿಮೆ ಮಾಡು, ಅಲರ್ಜಿ ಚಿಕಿತ್ಸೆಯಲ್ಲಿ ಬರುವ ಪದ). ಈ ಕೊನೆಯದನ್ನು ದೇ-ಜ಼ಾಁ-ಸಾ-ಬ್ಲೇ (ಮರಳಿನಲ್ಲಿ ಹೂತದ್ದನ್ನು ಬಿಡಿಸು) ಜೊತೆ ಪಕ್ಕಪಕ್ಕ ಇಟ್ಟು ನೋಡಿ. ಬರಹದಲ್ಲಿ ಮೊದಲ ಆರು ಅಕ್ಷರ ಒಂದೇ. ಒಂದರ ಧಾತು ‘ಸಾಁಸಿಬಿಲಿಜ಼ೇ’, ಎಸ್ ಅದರದೇ. ಇನ್ನೊಂದರ ಧಾತು ‘ಆಁಸಾಬ್ಲೇ’, ಎಸ್ ಉಪಸರ್ಗದ್ದು. ಕಣ್ಣು ಹೇಳದ್ದನ್ನು ಧಾತು ಹೇಳುತ್ತದೆ.

ಹಳೆಯ, ದಿನಬಳಕೆಯ ಪದಗಳಲ್ಲಿ ಫ್ರೆಂಚರು ಈ ಗೊಂದಲ ಬಾರದಂತೆ ಎಸ್ ಅನ್ನೇ ಜೋಡಿ ಮಾಡಿದರು. ದೇ-ಸಾ-ಲೇ (ಉಪ್ಪು ತೆಗೆ), ದೇ-ಸೇ-ಶೇ (ಒಣಗಿಸು), ದೇ-ಸೆರ್-ವಿರ್ (ಊಟದ ಮೇಜು ತೆರವು ಮಾಡು, ಒಂದು ಊರಿಗೆ ಬಸ್ಸು ರೈಲು ಮುಟ್ಟುವುದಕ್ಕೂ ಇದೇ ಪದ). ಇವೆಲ್ಲ ಡಿ-ಇ-ಎಸ್-ಎಸ್. ಜೋಡಿ ಎಸ್ ಮುಂದಿರುವುದರಿಂದ ಇ ಮೇಲೆ ಗೀಟು ಹಾಕುವುದಿಲ್ಲ. ಆಧುನಿಕ, ಶಾಸ್ತ್ರೀಯ ಪದಗಳಲ್ಲಿ ಗೀಟು ಇ, ಮುಂದೆ ಒಂಟಿ ಎಸ್.

ಪದಬೇಟೆ

ತುಂಗಾತೀರ ಅವರೇ, ಹಾಗಾದರೆ ದೇ-ಜ಼ಿ-ಞೇ (ಸೂಚಿಸು, ನೇಮಿಸು) ಏನಾಯಿತು? ‘ಸಿಞೇ’ (ಸಹಿ ಮಾಡು) ಎನ್ನುವ ಕ್ರಿಯಾಪದ ಇದೆಯಲ್ಲ? ನಿಮ್ಮ ಸೂತ್ರದಂತೆ ಅದು ದೇ-ಸಿ-ಞೇ ಆಗಬೇಕಿತ್ತು.

ತುಂಗಾತೀರ

ಹೌದು, ನಾನು ಅರ್ಧ ಹೇಳಿದೆ. ಧಾತು ನಿಘಂಟಿನಲ್ಲಿ ಇದ್ದರೆ ಸಾಲದು, ಉಪಸರ್ಗದ ಅರ್ಥವೂ ಜೀವಂತವಾಗಿರಬೇಕು. ದೇಸೊಲಿದಾರಿಜ಼ೇ ಎಂದರೆ ಸೊಲಿದಾರಿಜ಼ೇಗೆ ನೇರ ವಿರುದ್ಧ. ದೇಜ಼ಿಞೇ ಎಂದರೆ ಸಹಿ ಅಳಿಸುವುದಲ್ಲ. ಅದು ಲ್ಯಾಟಿನ್‌ನಿಂದ ಇಡಿಯಾಗಿ ಬಂದ ಪದ, ಇಂದಿನ ಫ್ರೆಂಚ್ ಕಿವಿಗೆ ಅಲ್ಲಿ ಉಪಸರ್ಗವೇ ಕೇಳಿಸುವುದಿಲ್ಲ. ಹಾಗಾಗಿ ಸಾಮಾನ್ಯ ನಿಯಮ: ಎರಡು ಸ್ವರಗಳ ನಡುವಿನ ಒಂಟಿ ಎಸ್, ಜ಼. ರೇ-ಜ಼ೆರ್-ವೇ (ಕಾದಿರಿಸು), ಪ್ರೇ-ಜ಼ಿ-ದೇ (ಅಧ್ಯಕ್ಷತೆ ವಹಿಸು), ಪ್ರೇ-ಜ಼್ಯು-ಮೇ (ಊಹಿಸು) ಇವೂ ಹಾಗೆಯೇ.

‘ಪ್ರೇ’ಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಪ್ರೇ-ಜ಼್ಯು-ಮೇ ಇಡಿಯಾಗಿ ಬಂದದ್ದು, ಜ಼. ಪ್ರೇ-ಸ್ಯು-ಪೊ-ಜ಼ೇ (ಮೊದಲೇ ಇದೆಯೆಂದು ಇಟ್ಟುಕೊ) ಎನ್ನುವುದು ‘ಮೊದಲು’ + ‘ಊಹಿಸು’ ಎಂದು ಬಿಡಿಸಿದರೆ ಸರಿಯಾಗಿ ಬಿಡಿಸಿಕೊಳ್ಳುತ್ತದೆ, ಆದ್ದರಿಂದ ಸ. ಪ್ರೇ-ಸೇ-ಲೆಕ್-ಸ್ಯೊ-ನೇ (ಮೊದಲ ಸುತ್ತಿನಲ್ಲಿ ಆಯ್ಕೆ ಮಾಡು) ಕೂಡ ಸ.

ನೀವು ಕೇಳಿದ ‘ಸಿಞೇ’ಯಿಂದಲೇ ಇನ್ನೊಂದು ಜೋಡಿ ಕೊಡುತ್ತೇನೆ. ಬರಿ ಇ ಇರುವ ರ-ಸಿ-ಞೇ ಎಂದರೆ ಮತ್ತೆ ಸಹಿ ಮಾಡು. ಗೀಟು ಇ ಇರುವ ರೇ-ಜ಼ಿ-ಞೇ ಎಂದರೆ ಹುದ್ದೆ ಬಿಟ್ಟುಕೊಡು, ಅಥವಾ ವಿಧಿಯಿಲ್ಲವೆಂದು ಒಪ್ಪಿಕೊ. ಬರಹದಲ್ಲಿ ಒಂದು ಗೀಟಿನ ವ್ಯತ್ಯಾಸ, ಬಾಯಲ್ಲಿ ಸ್ವರವೂ ಬೇರೆ, ವ್ಯಂಜನವೂ ಬೇರೆ.

ಧ್ವನಿಮುದ್ರೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ಜ಼ ಹೇಳುವ ಬಗ್ಗೆ ಒಂದು ಮಾತು ಹೇಳದಿದ್ದರೆ ಮೇಲಿನದೆಲ್ಲ ಕಾಗದದಲ್ಲೇ ಉಳಿಯುತ್ತದೆ. ನಮ್ಮ ‘ಜ’ದಲ್ಲಿ ನಾಲಿಗೆ ಒಮ್ಮೆ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಫ್ರೆಂಚ್ ಜ಼ದಲ್ಲಿ ತಡೆಯಬಾರದು. ‘ಸ್ಸ್ಸ್’ ಎನ್ನುತ್ತಾ ಗಂಟಲ ಮೇಲೆ ಎರಡು ಬೆರಳಿಟ್ಟುಕೊಳ್ಳಿ. ನಾಲಿಗೆ ಕದಲಿಸದೆ ಗಂಟಲನ್ನು ಮಾತ್ರ ಮಿಡಿಸಿ. ಬೆರಳಿಗೆ ಕಂಪನ ತಾಗಿದ ಕ್ಷಣ ಅದು ಜ಼. ಮೂರು ಸೆಕೆಂಡು ಎಳೆದು ಹಿಡಿಯಲು ಆದರೆ ಸರಿ. ‘ಜ’ವನ್ನು ಎಳೆಯಲು ಹೋದರೆ ಮುಂದಿನ ಸ್ವರ ಮಾತ್ರ ಉಳಿಯುತ್ತದೆ, ವ್ಯಂಜನ ಕೈಗೆ ಸಿಗುವುದಿಲ್ಲ.

ಆಮೇಲೆ ಪದವನ್ನು ಹಿಂದಿನಿಂದ ಕಟ್ಟಿ. ಇರ್. ಬೇ-ಇರ್. ಜ಼ೊ-ಬೇ-ಇರ್. ದೇ-ಜ಼ೊ-ಬೇ-ಇರ್. ಮುಂದಿನಿಂದ ಶುರು ಮಾಡಿದರೆ ಉಪಸರ್ಗದ ಹತ್ತಿರ ನಾಲಿಗೆ ತಾನಾಗಿ ನಿಲ್ಲುತ್ತದೆ. ಹಿಂದಿನಿಂದ ಬಂದರೆ ‘ಜ಼ೊ’ ಒಂದೇ ತುಂಡಾಗಿ ಬಾಯಿಗೆ ಕೂರುತ್ತದೆ. ಫ್ರೆಂಚಿನ ಒತ್ತು ಬೀಳುವುದೂ ಕೊನೆಯ ಉಚ್ಚಾರಾಂಶದ ಮೇಲೆ, ಹಾಗಾಗಿ ಈ ಅಭ್ಯಾಸದಲ್ಲಿ ಅದೂ ಸರಿಹೋಗುತ್ತದೆ.

‘ಬೇ-ಇರ್’ನಲ್ಲಿ ಇನ್ನೊಂದು ಬಲೆ ಇದೆ. ಕನ್ನಡದ ನಾಲಿಗೆ ಎರಡು ಸ್ವರ ಎದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ತಂದುಬಿಡುತ್ತದೆ. ಆಗಮ ಸಂಧಿ ನಮ್ಮ ರಕ್ತದಲ್ಲಿದೆ. ‘ಬೇಯಿರ್’ ಎಂದು ಹೊರಬರುವುದು ಅದರಿಂದ. ಫ್ರೆಂಚಿನಲ್ಲಿ ಎರಡು ಸ್ವರಗಳನ್ನು ಬರಿದಾಗಿ ಪಕ್ಕಪಕ್ಕ ಇಡಬೇಕು. ರೇ-ಏ-ಲಿರ್ (ಮತ್ತೆ ಚುನಾಯಿಸು), ಕೊ-ಒ-ಪೇ-ರೇ (ಸಹಕರಿಸು, ‘ಕೊವೊ’ ಅಲ್ಲ). ‘ಒಂದುಗೂಡಿಸು’ ಎನ್ನುವ ರೇ-ಯು-ನಿರ್ ಅನ್ನು ನಮ್ಮ ಲಿಪಿಯಲ್ಲಿ ಹೀಗೆ ಬರೆಯದೆ ವಿಧಿಯಿಲ್ಲ, ಆದರೆ ಅಲ್ಲಿ ಯಕಾರ ಇಲ್ಲ. ‘ಈ’ ಎನ್ನುತ್ತ ತುಟಿಯನ್ನಷ್ಟೇ ‘ಊ’ ಆಕಾರಕ್ಕೆ ತನ್ನಿ, ಅದೇ ಆ ಸ್ವರ.

ಅನುವಾದದ_ಮೇಜು

ಎರಡನೆಯ ಪ್ರಶ್ನೆ ಹಾಗೇ ಉಳಿದಿದೆ, ಅದನ್ನು ತೆಗೆದುಕೊಳ್ಳುತ್ತೇನೆ.

‘ರ’ ಎಂಬ ಉಪಸರ್ಗ (ಆರ್ ಮತ್ತು ಬರಿ ಇ) ‘ಮತ್ತೆ’, ‘ಹಿಂದಕ್ಕೆ’ ಎನ್ನುವ ಅರ್ಥದ್ದು. ಅದರ ಇ ಅರ್ಧ ನುಂಗುವ ಸ್ವರ. ಧಾತು ಎಸ್‌ನಿಂದ ಶುರುವಾದರೆ, ಒಂಟಿ ಎಸ್ ಬರೆದರೆ ಓದುವವರು ಜ಼ ಮಾಡುತ್ತಾರೆಂದು ಎಸ್ ಅನ್ನು ಜೋಡಿ ಮಾಡಿದರು. ಆ ಎರಡನೆಯ ಎಸ್ ಕಾವಲುಗಾರ ಮಾತ್ರ. ಅದಕ್ಕೆ ಉಚ್ಚಾರವೂ ಇಲ್ಲ, ಹಿಂದಿನ ಸ್ವರವನ್ನು ‘ಎ’ ಮಾಡುವ ಅಧಿಕಾರವೂ ಇಲ್ಲ. ಆದ್ದರಿಂದ ರ-ಸಾಁ-ಬ್ಲೇ (ಹೋಲು), ರ-ಸಾಁ-ತಿರ್ (ಮನಸ್ಸಿನಲ್ಲಿ ಅನುಭವಿಸು), ರ-ಸೆರ್-ವಿರ್ (ಮತ್ತೆ ಬಡಿಸು), ರ-ಸೇ-ರೇ (ಬಿಗಿ ಮಾಡು).

ರ-ಸೆರ್-ವಿರ್, ರೇ-ಜ಼ೆರ್-ವೇ: ಈ ಎರಡನ್ನು ದಿನಕ್ಕೆ ಹತ್ತು ಸಲ ಜೊತೆಯಾಗಿ ಹೇಳಿ. ಹೋಟೆಲಿನಲ್ಲಿ ಟೇಬಲ್ ಕಾದಿರಿಸುವುದಕ್ಕೂ ಎರಡನೇ ಸಲ ಬಡಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಒಂದು ಅಪವಾದ ಬಾಯಿಪಾಠವೇ ಆಗಬೇಕು: ರೇ-ಸ್ಯು-ಸಿ-ತೇ (ಸತ್ತವರನ್ನು ಎಬ್ಬಿಸು). ಬರಹದಲ್ಲಿ ಆರ್-ಇ-ಎಸ್-ಎಸ್, ಗೀಟು ಇಲ್ಲ, ಆದರೂ ‘ರೇ’.

ಇನ್ನು ‘ದೆಸ್ಸ್’ ಕಡೆ ಕ್ರಿಯಾಪದಗಳಲ್ಲಿ ಈ ಸಮಸ್ಯೆ ಇಲ್ಲ, ಅಲ್ಲಿ ಎಲ್ಲವೂ ದೇ. ಆದರೆ ‘ಮೇಲೆ’, ‘ಕೆಳಗೆ’ ಎನ್ನುವ ಎರಡು ಸಣ್ಣ ಪದಗಳು ದ-ಸ್ಯು, ದ-ಸು. ಇವು ಕ್ರಿಯಾಪದವಲ್ಲದಿದ್ದರೂ ಒಂದೇ ಪುಟದಲ್ಲಿ ಎದುರಾಗುವುದರಿಂದ ಹೇಳಿದೆ.

ಹೊಸಪಾಠ

ರ-ಸಾಁ-ಬ್ಲೇ ಅನ್ನು ರಸ್-ಸಾಁ-ಬ್ಲೇ ಎಂದು ದ್ವಿತ್ವ ಕೊಟ್ಟು ಹೇಳಿದರೆ ತಪ್ಪೇ? ಬರಹದಲ್ಲಿ ಎರಡು ಎಸ್ ಇದೆಯಲ್ಲ.

ಸಂಧಿವಿಚಾರ

ತಪ್ಪು. ನಮಗೆ ‘ಹಸಿ’ ಬೇರೆ, ‘ಹಸ್ಸಿ’ ಎಂದು ಒತ್ತಿದರೆ ಕಿವಿಗೆ ಬೇರೆಯೇ. ಕನ್ನಡದಲ್ಲಿ ದ್ವಿತ್ವ ಅರ್ಥ ಬದಲಿಸುತ್ತದೆ. ‘ಕನಡಿ’ ಎಂದು ಯಾರೂ ಕನ್ನಡಿಯನ್ನು ಕರೆಯುವುದಿಲ್ಲ. ಆ ಅಭ್ಯಾಸದಲ್ಲಿ ಜೋಡಿ ಅಕ್ಷರ ಕಂಡರೆ ನಾಲಿಗೆ ತಡೆದು ಒತ್ತುತ್ತದೆ. ಫ್ರೆಂಚಿನಲ್ಲಿ ಬರಹದ ಜೋಡಿ ಸಾಮಾನ್ಯವಾಗಿ ಒಂದೇ ವ್ಯಂಜನ. ಆ-ಪ-ಲೇ (ಕರೆ), ರಾ-ಪ-ಲೇ (ಮತ್ತೆ ಕರೆ, ಜ್ಞಾಪಿಸು), ಕೊ-ಮೆತ್ರ್ (ತಪ್ಪೆಸಗು). ‘ಆಪ್ಪಲೇ’, ‘ರಾಪ್ಪಲೇ’ ಎಂದರೆ ದಕ್ಷಿಣ ಭಾರತದ ಉಚ್ಚಾರ ಎಂದು ಕೂಡಲೇ ಗೊತ್ತಾಗುತ್ತದೆ.

ಆದರೆ ನಮ್ಮ ದ್ವಿತ್ವ ಸಹಾಯಕ್ಕೆ ಬರುವ ಜಾಗವೊಂದಿದೆ. ‘ಓಡು’ ಧಾತುವಿನಿಂದ ಬಂದ ಪಾರ್-ಕು-ರಿರ್ (ಸುತ್ತಿ ಬರು, ಕಣ್ಣಾಡಿಸು). ‘ಸುತ್ತುತ್ತಿದ್ದ’ ಎನ್ನುವ ಭೂತರೂಪ ಪಾರ್-ಕು-ರೆ, ‘ಸುತ್ತುತ್ತಿದ್ದನೇನೋ’ ಎನ್ನುವ ಸಂಭಾವ್ಯ ರೂಪ ಪಾರ್-ಕುರ್-ರೆ. ಎರಡನೆಯದರಲ್ಲಿ ಜೋಡಿ ಆರ್ ನಿಜವಾಗಿಯೂ ಕೇಳಿಸಬೇಕು. ಇಲ್ಲಿ ದ್ವಿತ್ವ ಬಿಟ್ಟರೆ ಕ್ರಿಯಾರೂಪವೇ ಬದಲಾಗುತ್ತದೆ.

ಅನುವಾದದ_ಮೇಜು

‘ರ’ ಮತ್ತು ‘ರೇ’ ಜೋಡಿಗಳನ್ನು ಇಲ್ಲೇ ಸೇರಿಸುತ್ತೇನೆ. ಇವು ಉಚ್ಚಾರದ ತಪ್ಪಾಗಿ ಉಳಿಯುವುದಿಲ್ಲ, ಬೇರೆ ಪದವೇ ಆಗಿಬಿಡುತ್ತವೆ.

ರ-ಫೊರ್-ಮೇ ಎಂದರೆ ಚದುರಿದ ಸಾಲನ್ನು ಮತ್ತೆ ಕಟ್ಟು, ರೇ-ಫೊರ್-ಮೇ ಎಂದರೆ ಸುಧಾರಿಸು. ರ-ಕ್ರೇ-ಏ ಎಂದರೆ ಮರುಸೃಷ್ಟಿಸು, ರೇ-ಕ್ರೇ-ಏ ಎಂದರೆ ಮನರಂಜಿಸು. ರ-ಪಾರ್-ತಿರ್ ಎಂದರೆ ಮತ್ತೆ ಹೊರಡು, ರೇ-ಪಾರ್-ತಿರ್ ಎಂದರೆ ಹಂಚು. ಈ ಕೊನೆಯ ಜೋಡಿಯಲ್ಲಿ ರೂಪಾವಳಿಯೂ ಬೇರೆ. ‘ನಾವು ಮತ್ತೆ ಹೊರಡುತ್ತೇವೆ’ ನು-ರ-ಪಾರ್-ತೊಁ. ‘ನಾವು ಹಂಚುತ್ತೇವೆ’ ನು-ರೇ-ಪಾರ್-ತಿ-ಸೊಁ. ಒಂದು ಉಚ್ಚಾರಾಂಶ ಹೆಚ್ಚು. ಗೀಟು ಮರೆತರೂ ‘ಸೊಁ’ ಕೇಳಿದರೆ ಹಂಚುವ ಮಾತು ಎಂದು ತಿಳಿಯಬಹುದು.

ಬರಹ, ಉಚ್ಚಾರ ಎರಡೂ ಒಂದೇ ಇದ್ದು ರೂಪಾವಳಿ ಮಾತ್ರ ಬೇರೆಯಾಗುವ ಪದವೂ ಇದೆ: ರ-ಸೊರ್-ತಿರ್. ‘ಮತ್ತೆ ಹೊರಗೆ ಹೋಗು’ ಅರ್ಥದಲ್ಲಿ ನು-ರ-ಸೊರ್-ತೊಁ. ‘ಒಂದು ನ್ಯಾಯಾಲಯದ ಅಥವಾ ಕ್ಷೇತ್ರದ ವ್ಯಾಪ್ತಿಗೆ ಸೇರು’ ಅರ್ಥದಲ್ಲಿ ನು-ರ-ಸೊರ್-ತಿ-ಸೊಁ. ವೀಸಾ ಕಾಗದಗಳಲ್ಲಿ ‘ಇಂಥ ದೇಶದ ಪ್ರಜೆ’ ಎನ್ನುವುದಕ್ಕೆ ಕಾಣುವ ರ-ಸೊರ್-ತಿ-ಸಾಁ ಹುಟ್ಟಿದ್ದು ಈ ಎರಡನೆಯದರಿಂದ.

ಸ್ವರದ ಮುಂದೆ ಬರಿ ‘ರ’ ನಿಲ್ಲುವುದು ಕಷ್ಟ. ಒಂದೋ ಅದು ‘ರೇ’ ಆಗುತ್ತದೆ, ಇಲ್ಲವೇ ಇ ಬಿದ್ದು ಬರೀ ರ್ ಉಳಿಯುತ್ತದೆ. ‘ಮತ್ತೆ ಬರೆ’ ಎನ್ನಲು ರೇ-ಏ-ಕ್ರಿರ್ ಮತ್ತು ರೇ-ಕ್ರಿರ್ ಎರಡೂ ಇವೆ. ‘ಮತ್ತೆ ತೆರೆ’ ಎನ್ನಲು ರು-ವ್ರಿರ್ ಶಿಷ್ಟ, ಅದರ ನಾಮಪದ ಮಾತ್ರ ‘ರೇ-ಉ’ ಎಂದು ಶುರುವಾಗುತ್ತದೆ. ಇದನ್ನು ನೋಡಿ ಕ್ರಿಯಾಪದಕ್ಕೂ ರೇ ಹಚ್ಚುವವರು ಫ್ರಾನ್ಸಿನಲ್ಲೇ ಇದ್ದಾರೆ. ಬರೆಯುವಾಗ ರುವ್ರಿರ್ ಉಳಿಸಿಕೊಳ್ಳಿ.

ಧ್ವನಿಮುದ್ರೆ

ಎಚ್ ಬಗ್ಗೆ ಸಂಧಿವಿಚಾರ ಅವರು ‘ಮೂಕ’ ಎಂದಷ್ಟೇ ಹೇಳಿದ್ದಾರೆ. ಫ್ರೆಂಚಿನಲ್ಲಿ ಎರಡು ಬಗೆಯ ಎಚ್ ಇದೆ, ಎರಡಕ್ಕೂ ಧ್ವನಿ ಇಲ್ಲ. ಆದರೆ ಎರಡನೆಯದು ಗೋಡೆ ಕಟ್ಟುತ್ತದೆ, ಹಿಂದಿನ ವ್ಯಂಜನವನ್ನು ದಾಟಲು ಬಿಡುವುದಿಲ್ಲ. ದೇ-ಜ಼ೇ-ರಿ-ತೇ (ಆಸ್ತಿಯಿಂದ ಹೊರಗಿಡು) ಮೊದಲ ಬಗೆ, ಉಪಸರ್ಗ ಡಿ-ಇ-ಎಸ್, ಜ಼ ದಾಟಿತು. ಕುದುರೆಯ ಜೀನು ಪಟ್ಟಿ ಬಿಚ್ಚುವುದಕ್ಕೆ ದೇ-ಆರ್-ನಾ-ಶೇ, ಗೋಡೆ ಎಚ್, ಅಲ್ಲಿ ಉಪಸರ್ಗ ಎಸ್ ಅನ್ನೇ ಇಟ್ಟುಕೊಂಡಿಲ್ಲ. ‘ಎತ್ತರಿಸು’ ಎನ್ನುವ ರ-ಓ-ಸೇ ಕೂಡ ಗೋಡೆ ಎಚ್, ಹಾಗಾಗಿ ‘ರ’ದ ಅರ್ಧ ಸ್ವರ ಬೀಳದೆ ನಿಂತಿದೆ.

‘ಆಁ’ ಉಪಸರ್ಗದಲ್ಲಿ (ಇ-ಎನ್) ಇದು ಇನ್ನೂ ಸ್ಪಷ್ಟ. ಆಁ-ಆರ್-ದಿರ್ (ಧೈರ್ಯ ತುಂಬು): ಗೋಡೆ ಎಚ್, ನಕಾರ ಕೇಳಿಸುವುದಿಲ್ಲ. ಆಁ-ನಿ-ವ್ರೇ (ಅಮಲೇರಿಸು): ನೇರ ಸ್ವರ, ಮೂಗಿನ ಸ್ವರವೂ ಇದೆ, ಮೇಲೆ ನಕಾರವೂ ದಾಟುತ್ತದೆ. ಇದನ್ನು ಏ-ನಿ-ವ್ರೇ ಎಂದು ಓದುವುದು ತುಂಬ ಸಾಮಾನ್ಯವಾದ ತಪ್ಪು, ಯಾಕೆಂದರೆ ಸ್ವರದ ಮುಂದಿನ ಒಂಟಿ ಎನ್ ಸಾಮಾನ್ಯವಾಗಿ ಮೂಗಿನ ಸ್ವರವನ್ನು ಅಳಿಸುತ್ತದೆ. ಇಲ್ಲಿ ಉಪಸರ್ಗ ಅದನ್ನು ಕಾಪಾಡಿದೆ. ‘ಹೆಮ್ಮೆಪಡಿಸು’ ಎನ್ನುವ ಪದವೂ ಹೀಗೆಯೇ ಆಁ-ನೊರ್ ಎಂದು ಶುರುವಾಗುತ್ತದೆ. ಆದರೆ ಏ-ನೆರ್-ವೇ (ಸಿಟ್ಟುಬರಿಸು) ಬೇರೆ ಉಪಸರ್ಗ, ಅಲ್ಲಿ ಗೀಟು ಇ ಇದೆ.

ಜೋಡಿ ಎಂ, ಜೋಡಿ ಎನ್ ಬಂದಾಗ ಉಪಸರ್ಗ ಯಾವುದು ನೋಡಿ. ಇ-ಎಂ-ಎಂ, ಇ-ಎನ್-ಎನ್ ಆದರೆ ಮೂಗಿನ ಸ್ವರ ಉಳಿಯುತ್ತದೆ: ಆಁಮ್-ನೇ (ಜೊತೆಗೆ ಕರೆದೊಯ್ಯಿ), ಆಁ-ಮೆ-ಲೇ (ಸಿಕ್ಕುಸಿಕ್ಕು ಮಾಡು), ಆಁ-ನ್ವಿ-ಯೇ (ಬೇಸರ ತರಿಸು). ಐ-ಎಂ-ಎಂ, ಐ-ಎನ್-ಎನ್ ಆದರೆ ಮೂಗು ಮಾಯ: ಇ-ಮಿ-ಗ್ರೇ (ವಲಸೆ ಬರು), ಇ-ನೊ-ವೇ (ಹೊಸತು ತರು). ಇದೇ ಐ-ಎನ್ ಮುಂದೆ ಬೇರೆ ವ್ಯಂಜನ ಬಂದರೆ ಮತ್ತೆ ಮೂಗು: ಎಁ-ಸಿಸ್-ತೇ (ಒತ್ತಾಯಿಸು).

ಹೊಸಪಾಠ

ಎಁಸಿಸ್ತೇಯಲ್ಲಿ ಸ, ಆದರೆ ತ್ರಾಁ-ಜ಼ಿ-ತೇ (ದಾಟಿ ಸಾಗು) ಯಲ್ಲಿ ಜ಼. ಎರಡರಲ್ಲೂ ಎನ್ ಆದಮೇಲೆ ಎಸ್, ಆಮೇಲೆ ಸ್ವರ. ಇದೂ ‘ಎಸ್ ಯಾರದು’ ಎಂಬ ಪ್ರಶ್ನೆಯೇ?

ತುಂಗಾತೀರ

ಅದೇ. ತ್ರಾಁಸ್ ಉಪಸರ್ಗದ ಎಸ್ ಉಪಸರ್ಗದ್ದು, ಸ್ವರದ ಮುಂದೆ ಜ಼. ವ್ಯಂಜನದ ಮುಂದೆ ಸ: ತ್ರಾಁಸ್-ಪೊರ್-ತೇ (ಸಾಗಿಸು). ಎಁಸಿಸ್ತೇಯ ಎಸ್ ಧಾತುವಿನದು. ‘ಸು’ ಎನ್ನುವ ಉಪಸರ್ಗ (ಕೆಳಗೆ, ಕಡಿಮೆ) ನಡುಗೀಟು (ಹೈಫನ್) ಹಾಕಿ ಬರೆದಾಗಲೂ ಹೀಗೆ ನಡೆಯುತ್ತದೆ. ಸು-ಜ಼ೆಸ್-ತಿ-ಮೇ (ಕಡಿಮೆ ಅಂದಾಜು ಮಾಡು), ಸು-ಜ಼ಾಁ-ತಾಁದ್ರ್ (ಹೇಳದೆ ಸೂಚಿಸು). ವ್ಯಂಜನದ ಮುಂದೆ ಎಸ್ ಮೂಕ: ಸು-ಲ್ವೇ (ಒಳಬಾಡಿಗೆಗೆ ಕೊಡು). ಆದರೆ ನಡುಗೀಟಿಲ್ಲದೆ ಒಂದಾಗಿ ಬೆಸೆದ ಸುಸ್-ಕ್ರಿರ್ (ಚಂದಾದಾರನಾಗು), ಸುಸ್-ತ್ರೆರ್(ಕಳೆ) ಇವುಗಳಲ್ಲಿ ಎಸ್ ಕೇಳಿಸುತ್ತದೆ.

ಬಿ ಕೊನೆಯಾಗುವ ಉಪಸರ್ಗಗಳಲ್ಲಿ ಉಲ್ಟಾ ಸಂಧಿ. ಮುಂದೆ ತ, ಸ ಬಂದರೆ ಬ್ ಗಟ್ಟಿಯಾಗಿ ಪ್ ಆಗುತ್ತದೆ: ಒಪ್-ತ-ನಿರ್ (ಪಡೆ), ಒಪ್-ಸೆರ್-ವೇ (ಗಮನಿಸು), ಆಪ್-ಸೊರ್-ಬೇ (ಹೀರು). ಬರಹದಲ್ಲಿ ಬಿ ಇದೆ ಎಂದು ‘ಒಬ್-ತ’ ಎನ್ನಲು ಹೋದರೆ ಬ್ ಮತ್ತು ತ ನಡುವೆ ಸಣ್ಣ ಉಕಾರ ನುಸುಳಿ ‘ಒಬುತನಿರ್’ ಆಗುತ್ತದೆ. ಪ್ ಎಂದೇ ಹೇಳಿ, ಸಲೀಸು. ಸ್ಯುಬ್-ಜ಼ಿಸ್-ತೇ (ಉಳಿದುಕೊ) ಮಾತ್ರ ಈ ಗುಂಪಿನಲ್ಲಿ ವಿಚಿತ್ರ: ಬ್ ಉಳಿಯಿತು, ಎಸ್ ಜ಼ ಆಯಿತು.

ಇ-ಎಕ್ಸ್: ಸ್ವರದ ಮುಂದೆ ಎಗ್-ಜ಼, ವ್ಯಂಜನದ ಮುಂದೆ ಎಕ್ಸ್. ಎಗ್-ಜ಼ಾ-ಮಿ-ನೇ (ಪರೀಕ್ಷಿಸು), ಎಗ್-ಜ಼ಿ-ಬೇ (ಪ್ರದರ್ಶಿಸು, ನಡುವೆ ಮೂಕ ಎಚ್), ಎಕ್ಸ್-ಪ್ಲಿ-ಕೇ (ವಿವರಿಸು). ಎಕ್ಸ್ ಆದಮೇಲೆ ಸಿ, ಆಮೇಲೆ ಇ ಅಥವಾ ಐ ಬಂದರೆ ಒಂದೇ ಸ: ಎಕ್-ಸಿ-ತೇ (ಕೆರಳಿಸು).

ಪದಬೇಟೆ

ತುಂಬ ಸ್ಪಷ್ಟವಾಯಿತು. ಬರಹದಲ್ಲಿ ಸಾಲಿನ ಕೊನೆಗೆ ಪದ ಒಡೆಯುವಾಗಲೂ ಇದೇ ಗಡಿಯೇ? ಕೆಲವು ಕಡೆ ಉಪಸರ್ಗದ ಬಳಿಯೇ ಕತ್ತರಿಸಿರುವುದನ್ನು ನೋಡಿದ್ದೇನೆ.

ಅನುವಾದದ_ಮೇಜು

ಎರಡು ಪದ್ಧತಿ ಚಾಲ್ತಿಯಲ್ಲಿವೆ. ಒಂದು ಉಚ್ಚಾರಾಂಶದ ಪ್ರಕಾರ, ಇನ್ನೊಂದು ವ್ಯುತ್ಪತ್ತಿಯ ಪ್ರಕಾರ. ಎರಡನೆಯದರಲ್ಲಿ ಉಪಸರ್ಗವನ್ನು ಇಡಿಯಾಗಿ ಬಿಡಿಸುತ್ತಾರೆ, ಡಿ-ಇ-ಎಸ್ ಒಂದು ಸಾಲಿನಲ್ಲಿ, ‘ಒಬೇಇರ್’ ಕೆಳಗೆ. ಓದುಗರ ಕಣ್ಣಿಗೆ ಉಚ್ಚಾರಾಂಶದ ಪದ್ಧತಿಯೇ ಮೇಲು ಎನ್ನುವುದು ನನ್ನ ನಿಲುವು, ಯಾಕೆಂದರೆ ಸಾಲಿನ ಕೊನೆಗೆ ಬಂದ ಎಸ್ ಅನ್ನು ಕಣ್ಣು ಸ ಎಂದು ಓದಿಬಿಡುತ್ತದೆ. ಯಾವುದನ್ನೇ ಹಿಡಿದರೂ ಒಂದೇ ಬರಹದಲ್ಲಿ ಬೆರೆಸಬೇಡಿ.

ಜೋಡಿ ವ್ಯಂಜನದಲ್ಲಿ ಬರಹ ಬಾಯಿಯನ್ನು ಅನುಸರಿಸುವುದಿಲ್ಲ. ಬಾಯಲ್ಲಿ ರ-ಸಾಁ-ಬ್ಲೇ, ಆದರೆ ಸಾಲು ಮುರಿಯುವಾಗ ಎರಡು ಎಸ್‌ಗಳ ನಡುವೆ: ಆರ್-ಇ-ಎಸ್ ಮೇಲೆ, ಇನ್ನೊಂದು ಎಸ್ ಕೆಳಗೆ. ಸ್ವರಗಳ ನಡುವಿನ ಎಕ್ಸ್‌ನ ಹಿಂದೆಯೂ ಮುಂದೆಯೂ ಕತ್ತರಿಸಬಾರದು, ಅದರಲ್ಲಿ ಎರಡು ಉಚ್ಚಾರಾಂಶಗಳ ಧ್ವನಿ ಒಟ್ಟಿಗಿದೆ. ಒಂದೇ ಅಕ್ಷರವನ್ನು ಸಾಲಿನ ಕೊನೆಗೆ ಬಿಡಬಾರದು.

ಸಂಧಿವಿಚಾರ

ಕೊನೆಯದಾಗಿ ವೇಗದ ಮಾತು. ಇಷ್ಟು ಹೊತ್ತು ‘ರ’, ‘ದ’ ಎಂದು ಬರೆದ ಅರ್ಧ ಸ್ವರ ಆಡುಮಾತಿನಲ್ಲಿ ಬಿದ್ದುಹೋಗುತ್ತದೆ. ಮೊರಿಸ್ ಗ್ರಾಮೋಁ ಎಂಬ ಭಾಷಾವಿಜ್ಞಾನಿ ಇದಕ್ಕೆ ‘ಮೂರು ವ್ಯಂಜನದ ನಿಯಮ’ ಕೊಟ್ಟರು. ಸ್ವರ ಬಿದ್ದರೆ ಮೂರು ವ್ಯಂಜನ ಒಟ್ಟಿಗೆ ಸೇರುವಂತಿದ್ದರೆ ಅದು ಬೀಳುವುದಿಲ್ಲ. ‘ನೀನು ಹೋಲುತ್ತೀಯ’ ತ್ಯು-ರ್ಸಾಁಬ್ಲ್: ಹಿಂದೆ ಸ್ವರ ಇದೆ, ‘ರ’ದ ಅಕಾರ ಬಿತ್ತು. ‘ಅವಳು ಹೋಲುತ್ತಾಳೆ’ ಎಲ್-ರ-ಸಾಁಬ್ಲ್: ಹಿಂದೆ ಲ್ ಇದೆ, ಬಿದ್ದರೆ ಲ್-ರ್-ಸ್ ಸಾಲಾಗುತ್ತದೆ, ಆದ್ದರಿಂದ ಉಳಿಯಿತು. ಇದು ಕಟ್ಟುನಿಟ್ಟಿನ ಕಾನೂನಲ್ಲ, ದಕ್ಷಿಣ ಫ್ರಾನ್ಸಿನವರು ಬಹುಪಾಲು ಸ್ವರಗಳನ್ನು ಉಳಿಸಿಕೊಂಡೇ ಮಾತಾಡುತ್ತಾರೆ. ಆದರೆ ಉತ್ತರದ ಮಾತನ್ನು ಕೇಳಿ ಅರ್ಥಮಾಡಿಕೊಳ್ಳಲು ಇದು ಬೇಕೇ ಬೇಕು.

ರ-ದ-ವ-ನಿರ್ (ಮತ್ತೆ ಆಗು) ಯಲ್ಲಿ ಸಾಲಾಗಿ ಮೂರು ಅರ್ಧ ಸ್ವರ. ಎಲ್ಲವೂ ಬೀಳಲಾರವು. ರದ್-ವ-ನಿರ್ ಎನ್ನಬಹುದು, ಸ್ವರದ ಹಿಂದೆ ಬಂದರೆ ರ್-ದವ್-ನಿರ್ ಎನ್ನಲೂಬಹುದು.

ಸ್ವರ ಬಿದ್ದಾಗ ಒಡೆಯುವ ಗಡಿಯೂ ಸರಿಯುತ್ತದೆ. ಪ್ರೇ-ವ-ನಿರ್ (ಮುನ್ನೆಚ್ಚರಿಸು) ಪ್ರೇವ್-ನಿರ್ ಆಗುತ್ತದೆ, ಏ-ಲ-ವೇ (ಬೆಳೆಸು) ಏಲ್-ವೇ ಆಗುತ್ತದೆ. ಮುಚ್ಚಿದ (ವ್ಯಂಜನದಲ್ಲಿ ಮುಗಿಯುವ) ಉಚ್ಚಾರಾಂಶದಲ್ಲಿ ‘ಏ’ ತೆರೆದುಕೊಂಡು ‘ಎ’ ಆಗಬೇಕಿತ್ತು, ಆದರೂ ಉಪಸರ್ಗದ ಗೀಟು ಹಾಗೇ ನಿಂತಿದೆ. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಅಧಿಕೃತ ಗೆಜೆಟ್‌ನಲ್ಲಿ ಬಂದ ಕಾಗುಣಿತದ ತಿದ್ದುಪಡಿಗಳು ಇಂಥ ಜಾಗದಲ್ಲಿ ಗೀಟನ್ನು ಎಡಕ್ಕೆ ತಿರುಗಿಸಿ ತೆರೆದ ‘ಎ’ ಮಾಡಿದವು. ಆದರೆ ದೇ, ಪ್ರೇ ಉಪಸರ್ಗಗಳನ್ನೂ ಪದದ ಮೊದಲ ‘ಏ’ಯನ್ನೂ ಮುಟ್ಟಲಿಲ್ಲ. ಅದೇ ತಿದ್ದುಪಡಿ ಎಁ-ತೆರ್-ಪ-ಲೇ (ಕೂಗಿ ನಿಲ್ಲಿಸು, ಪೊಲೀಸರು ತಡೆ) ಪದದ ಜೋಡಿ ಎಲ್ ಅನ್ನು ಒಂಟಿ ಮಾಡಿತು, ಆಪಲೇ ಥರವೇ ‘ಪ’ ಎಂದು ಓದಲಿ ಎಂದು. ಹಳೆಯ ಬರಹವೂ ತಪ್ಪಲ್ಲ, ಎರಡೂ ಕಾಣಸಿಗುತ್ತವೆ.

ಧ್ವನಿಮುದ್ರೆ

ಅಭ್ಯಾಸಕ್ಕೆ ಒಂದೇ ವಾಕ್ಯ ಸಾಕು, ಮೇಲಿನ ಬಹುಪಾಲು ಇದರಲ್ಲೇ ಬರುತ್ತದೆ. ‘ಅವನು ಮಾತು ಮೀರಿದ, ಆಮೇಲೆ ಸಾವರಿಸಿಕೊಂಡ.’

ನಿಧಾನವಾಗಿ: ಇ-ಲಾ-ದೇ-ಜ಼ೊ-ಬೇ-ಇ, ಪ್ವಿ-ಇಲ್-ಸೆ-ರ-ಸೆ-ಜ಼ಿ.

‘ಇಲ್’ ಮತ್ತು ‘ಆ’ ಬೇರೆ ಪದಗಳು, ಆದರೂ ಲಕಾರ ದಾಟಿ ‘ಲಾ’ ಆಯಿತು. ‘ದೇಜ಼ೊ’ದಲ್ಲಿ ಉಪಸರ್ಗದ ಎಸ್ ದಾಟಿತು. ‘ಬೇ-ಇ’ ನಡುವೆ ಯಕಾರ ಇಲ್ಲ. ಕೊನೆಯ ಪದದಲ್ಲಿ ಎಸ್ ಎರಡು ಕಡೆ ಇದೆ: ಮೊದಲಿನದು ಜೋಡಿ, ಸ, ಆಮೇಲಿನದು ಸ್ವರಗಳ ನಡುವೆ ಒಂಟಿ, ಜ಼. ‘ರ-ಜ಼ೆ-ಸಿ’ ಎಂದು ತಿರುಗುಮುರುಗಾಗುವುದು ಇಲ್ಲೇ, ನಿಂತು ನಾಲ್ಕು ಸಲ ಹೇಳಿ.

ಬಾಯಿಗೆ ಕೂತ ಮೇಲೆ ವೇಗ ಹೆಚ್ಚಿಸಿ. ‘ಸೆ’ ಸ್ವರದಲ್ಲಿ ಮುಗಿಯುವುದರಿಂದ ‘ರ’ದ ಅಕಾರ ಬೀಳುತ್ತದೆ: ಸೆರ್-ಸೆ-ಜ಼ಿ. ಹನ್ನೆರಡು ಉಚ್ಚಾರಾಂಶ ಹನ್ನೊಂದಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೈಬೆರಳಲ್ಲಿ ಎಣಿಸಿ ನೋಡಿ. ನಿಧಾನವಾಗಿ ಹೇಳಿದಾಗ ಹದಿಮೂರು ಬಂದರೆ ‘ಪುವಿ’ ಎಂದು ಒಂದು ಸ್ವರ ನುಸುಳಿರಬಹುದು.

ಹೊಸಪಾಠ

ಎಣಿಸಿದೆ, ಹದಿಮೂರು. ‘ಪುವಿ’ಯಲ್ಲೇ.

ಧ್ವನಿಮುದ್ರೆ

ಹಾಗಿದ್ದರೆ ಪ್ ಹೇಳುವ ಮುನ್ನವೇ ತುಟಿಯನ್ನು ಚೂಪು ಮಾಡಿಟ್ಟುಕೊಳ್ಳಿ. ತುಟಿ ಬಿಡಿಸಿದೊಡನೆ ನೇರ ‘ಇ’ಗೆ ಹೋಗಿ, ನಡುವೆ ಉಕಾರಕ್ಕೆ ಜಾಗವೇ ಇರುವುದಿಲ್ಲ.